ಗೆಟ್‌ಸೈಜ್‌ಆಫ್ ತೋರಿಸದ ಮೆಮೊರಿ

ಪ್ರಶ್ನೆ: ಬ್ಯಾಡಗಿ ಮಾರುಕಟ್ಟೆಯ ದಲಾಲಿ ಅಂಗಡಿಗಳ ಲೆಕ್ಕ ನೋಡಿಕೊಳ್ಳುತ್ತೇನೆ. ಹಲವು ವರ್ಷಗಳ ಮೆಣಸಿನಕಾಯಿ ಲಾಟ್‌ಗಳು 20 ಲಕ್ಷ ಸಾಲು ಇವೆ. ಪೈಥಾನ್ 3.12ರಲ್ಲಿ ಸಿಎಸ್‌ವಿ ಫೈಲ್ ಓದಿ, ದೊಡ್ಡ ಡಿಕ್ಟ್ (ಕೀ ಕೊಟ್ಟರೆ ಅದರ ಮಾಹಿತಿ ಕೊಡುವ ಪಟ್ಟಿ) ಒಂದರಲ್ಲಿ ತುಂಬಿದ್ದೇನೆ. ಕೀ, ದಿನಾಂಕ ಸೇರಿಸಿದ ಲಾಟ್ ನಂಬರ್, ಇಂಟ್ (ಪೂರ್ಣಾಂಕ). ಪ್ರತಿ ಲಾಟ್‌ಗೂ ಒಳಗೊಂದು ಡಿಕ್ಟ್: ತಳಿ, ಚೀಲ, ತೂಕ, ದರ, ಖರೀದಿದಾರ. ಗಾತ್ರ ಹೇಳುವ ಗೆಟ್‌ಸೈಜ್‌ಆಫ್ ಫಂಕ್ಷನ್ ಕೇಳಿದರೆ 84 ಎಂಬಿ ಅನ್ನುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಒಂದು ಜಿಬಿ ದಾಟಿರುತ್ತದೆ. ಲ್ಯಾಪ್‌ಟಾಪ್ ಹಳೇದು, 4 ಜಿಬಿ. ನಿಂತೇಬಿಡುತ್ತದೆ ಸರ್. ಏನು ಮಾಡಲಿ?

ಉತ್ತರ: ಎರಡೂ ಲೆಕ್ಕ ಸರಿಯೇ. ಗೆಟ್‌ಸೈಜ್‌ಆಫ್ ಹೊರಗಿನ ಡಿಕ್ಟನ್ನಷ್ಟೇ ಅಳೆಯುತ್ತದೆ, ಒಳಗೆ ಇಣುಕುವುದಿಲ್ಲ. ಮೆಮೊರಿ ತಿನ್ನುತ್ತಿರುವುದು ಒಳಗಿನ 20 ಲಕ್ಷ ಪುಟ್ಟ ಡಿಕ್ಟ್‌ಗಳು ಮತ್ತು ಅವುಗಳಲ್ಲಿರುವ ಸ್ಟ್ರಿಂಗ್‌ಗಳು, ಅಂದರೆ ಪಠ್ಯದ ತುಣುಕುಗಳು.

ಐದು ಕೀ ಇರುವ ಡಿಕ್ಟ್‌ಗೆ 184 ಬೈಟ್. 20 ಲಕ್ಷಕ್ಕೆ 368 ಎಂಬಿ ಆಯಿತು. ನಾಳೆ ‘ತೇವಾಂಶ’ ಅಂತ ಆರನೇ ಕೀ ಸೇರಿಸಿದಿರಿ ಅನ್ನಿ, ಒಂದೊಂದೂ 272 ಬೈಟಿಗೆ ಜಿಗಿಯುತ್ತದೆ. ಹುಡುಕಾಟ ಚುರುಕಾಗಿರಲಿ ಅಂತ ಪೈಥಾನ್ ಡಿಕ್ಟ್‌ನ ಒಳಗಿನ ಟೇಬಲ್‌ನಲ್ಲಿ ಮೂರನೇ ಒಂದು ಭಾಗ ಖಾಲಿ ಬಿಡುತ್ತದೆ. ಹಾಗಾಗಿ ಎಂಟು ಜಾಗದ ಟೇಬಲ್‌ನಲ್ಲಿ ಐದೇ ಕೀ ಹಿಡಿಯುತ್ತವೆ, ಆರನೆಯದಕ್ಕೆ ಹದಿನಾರು ಜಾಗದ ಟೇಬಲ್ ಬೇಕು. ಎಲ್ಲ ಲಾಟ್‌ಗೂ ಅದೇ ಐದು ಕಾಲಂ ಅಲ್ವಾ? ಹಾಗಾದರೆ ಒಳಗೆ ಡಿಕ್ಟ್ ಬೇಡ, ಟ್ಯೂಪಲ್ (ಕೀ ಇಲ್ಲದೆ, ಸ್ಥಾನದ ಕ್ರಮದಲ್ಲಿ ಮೌಲ್ಯ ಇಡುವ ಪಟ್ಟಿ) ಸಾಕು. ಅದಕ್ಕೆ 80 ಬೈಟ್. ಇಷ್ಟರಲ್ಲೇ 208 ಎಂಬಿ ಉಳಿಯಿತು. ಸ್ಥಾನಗಳ ಎಣಿಕೆ ಸೊನ್ನೆಯಿಂದ ಶುರು, ಹಾಗಾಗಿ ಕೋಡ್ ಫೈಲಿನ ಮೇಲ್ಗಡೆ ‘ದರ = 3’ ಅಂತ ಬರೆದುಕೊಂಡರೆ ಕೋಡ್ ಓದಲೂ ತೊಂದರೆಯಿಲ್ಲ.

ಇನ್ನೂ ಜಾಸ್ತಿ ಉಳಿತಾಯ ಸ್ಟ್ರಿಂಗ್‌ಗಳಲ್ಲಿದೆ. ಸಿಎಸ್‌ವಿಯಲ್ಲಿ ‘ಕಡ್ಡಿ’ ಬಂದಾಗಲೆಲ್ಲ ಪೈಥಾನ್ ಹೊಸ ಸ್ಟ್ರಿಂಗ್ ಮಾಡುತ್ತದೆ. ಕ, ಡ, ಹಲಂತ (್), ಡ, ಇಕಾರ: ಯೂನಿಕೋಡ್‌ನಲ್ಲಿ ಐದು ಚಿಹ್ನೆ. ಒಂದಕ್ಕೆ 2 ಬೈಟ್‌ನಂತೆ 10, ಸ್ಟ್ರಿಂಗಿನ ಸ್ವಂತ ಖರ್ಚು 58, ಒಟ್ಟು 68 ಬೈಟ್. ಕಡ್ಡಿ, ಡಬ್ಬಿ, ಗುಂಟೂರು ಅನ್ನುವ ಬೆರಳೆಣಿಕೆಯ ಹೆಸರುಗಳಿಗೆ ಲಕ್ಷಗಟ್ಟಲೆ ನಕಲು ಸುಮ್ನೆ ದಂಡ. ತಳಿ ಮತ್ತು ಖರೀದಿದಾರರ ಹೆಸರನ್ನು ಸಿಸ್ ಮಾಡ್ಯೂಲಿನ ಇಂಟರ್ನ್ ಫಂಕ್ಷನ್‌ಗೆ ಕೊಟ್ಟು, ಅದು ಹಿಂದಿರುಗಿಸಿದ್ದನ್ನೇ ಇಟ್ಟುಕೊಳ್ಳಿ. ಹೆಸರಿಗೊಂದೇ ಪ್ರತಿ ಉಳಿಯುತ್ತದೆ. ಚೀಲದ ಲೆಕ್ಕವನ್ನು ಇಂಟ್ ಮಾಡಿ. 256ರವರೆಗಿನ ಸಂಖ್ಯೆಗಳನ್ನು ಪೈಥಾನ್ ಮೊದಲೇ ಮಾಡಿಟ್ಟಿರುತ್ತದೆ, ಹೊಸ ಜಾಗ ಕೇಳುವುದಿಲ್ಲ.

ಬರೀ ಸರಾಸರಿ ದರ ತೆಗೆಯುವುದಿದ್ದರೆ ದರದ ಕಾಲಂ ಒಂದನ್ನೇ ಬರೀ ಸಂಖ್ಯೆಗಳನ್ನು ಒತ್ತಾಗಿ ಇಡುವ ಅರೇ ಮಾಡ್ಯೂಲಿನಲ್ಲಿಡಿ. ದರಕ್ಕೆ 4 ಬೈಟ್, ಎಲ್ಲ ಸೇರಿ 8 ಎಂಬಿ.

ಪ್ರತಿ ಸೀಜನ್‌ಗೂ ಸಾಲು ಬೆಳೆಯುತ್ತಲೇ ಇರುತ್ತವೆ ಅನ್ನುವುದಾದರೆ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್‌ಗೆ ಹಾಕುವುದೇ ಒಳ್ಳೆಯದು. ಪೈಥಾನ್ ಜೊತೆಗೇ ಬರುತ್ತದೆ. ಲಾಟ್ ನಂಬರನ್ನು ಪ್ರೈಮರಿ ಕೀ (ಸಾಲನ್ನು ಗುರುತಿಸುವ ಕೀ) ಮಾಡಿ. ಬೇಕಾದ ಸಾಲು ಮಾತ್ರ ಡಿಸ್ಕ್‌ನಿಂದ ಬರುತ್ತದೆ, 4 ಜಿಬಿ ಲ್ಯಾಪ್‌ಟಾಪ್ ಧಾರಾಳವಾಗಿ ಸಾಕು.