ಬೋಟ್ಸ್ವಾನಾಕ್ಕೆ ಹೋಗುವುದಾದರೆ ದಸರೆಗೋ, ಬೇಸಿಗೆಗೋ?

ಪ್ರಶ್ನೆ: ನಾನು, ಪತ್ನಿ, 10 ವರ್ಷದ ಮಗ ಮತ್ತು 68 ವರ್ಷದ ತಾಯಿ ಕಬಿನಿ, ನಾಗರಹೊಳೆಗಳಲ್ಲಿ ಹಲವು ಸಲ ಸಫಾರಿ ಮಾಡಿದ್ದೇವೆ. ಈಗ 10 ದಿನಗಳ ಮಟ್ಟಿಗೆ ಬೋಟ್ಸ್ವಾನಾಕ್ಕೆ ಹೋಗುವ ಆಸೆಯಿದೆ. ಮಗನಿಗೆ ರಜೆ ಸಿಗುವುದು ದಸರೆಯಲ್ಲಿ ಅಥವಾ ಬೇಸಿಗೆಯಲ್ಲಿ. ಏಜೆಂಟರು ಚೋಬೆ, ಒಕವಾಂಗೊ, ಮಕ್ಗಡಿಕ್ಗಡಿ, ವಿಕ್ಟೋರಿಯಾ ಜಲಪಾತ ಎಲ್ಲವನ್ನೂ ಸೇರಿಸಿ ಪಟ್ಟಿ ಕೊಟ್ಟಿದ್ದಾರೆ, ಖರ್ಚು ಕೈಮೀರುತ್ತಿದೆ. ಏನು ಮಾಡಬಹುದು?
— ಮೈಸೂರಿನ ಓದುಗರೊಬ್ಬರು

ಉತ್ತರ: ದಸರೆಗೆ ಹೋಗಿ, ಮತ್ತು ಆ ಪಟ್ಟಿಯಿಂದ ಕೊನೆಯ ಎರಡು ಸ್ಥಳಗಳನ್ನು ಕೈಬಿಡಿ. ಮಕ್ಗಡಿಕ್ಗಡಿಯ ಉಪ್ಪುಬಯಲಿನ ಹುಲ್ಲುಗಾವಲುಗಳಿಗೆ ಜೀಬ್ರಾಗಳು ದೊಡ್ಡ ಹಿಂಡುಗಳಲ್ಲಿ ಬರುವುದು ಮಳೆ ಬಿದ್ದ ಮೇಲೆ; ದಸರೆಯ ಹೊತ್ತಿಗೆ ಅಲ್ಲಿನ್ನೂ ಒಣಕಾಲ. ವಿಕ್ಟೋರಿಯಾ ಜಲಪಾತದಲ್ಲಿ ಅಕ್ಟೋಬರ್ ವೇಳೆಗೆ ನೀರು ಬಹಳ ಇಳಿದು, ಜಾಂಬಿಯಾದ ಕಡೆ ಹೆಚ್ಚಾಗಿ ಬರಿ ಬಂಡೆಯೇ ಕಾಣುತ್ತದೆ. ಉಳಿದ ಎರಡು ಕಡೆ ನಾಲ್ಕು ನಾಲ್ಕು ರಾತ್ರಿ ತಂಗುವುದು ನನ್ನ ಸಲಹೆ.

ಬೋಟ್ಸ್ವಾನಾದಲ್ಲಿ ಯಾವ ತಿಂಗಳು ಎಲ್ಲಿಗೆ ಹೋಗಬೇಕೆಂಬುದನ್ನು ನೀರೇ ತೀರ್ಮಾನಿಸುತ್ತದೆ. ಅಂಗೋಲಾದ ಎತ್ತರದ ಪ್ರದೇಶಗಳಲ್ಲಿ ವರ್ಷದ ಆರಂಭದಲ್ಲಿ ಸುರಿದ ಮಳೆ, ಇಳಿಜಾರೇ ಇಲ್ಲವೆನ್ನುವಷ್ಟು ಸಪಾಟಾದ ನೆಲದ ಮೇಲೆ ನಿಧಾನವಾಗಿ ಹರಿದು ಒಕವಾಂಗೊ ತಲುಪಿ ಹರಡುವಷ್ಟರಲ್ಲಿ ಜೂನ್‌ನಿಂದ ಆಗಸ್ಟ್ ಆಗಿರುತ್ತದೆ; ಅಂದರೆ ಸುತ್ತಲ ನಾಡಿನಲ್ಲಿ ಹನಿ ಮಳೆಯಿಲ್ಲದ ಕಾಲದಲ್ಲಿ ಇಲ್ಲಿ ನೆರೆ. ಸಮುದ್ರ ಸೇರದೆ ಒಳನಾಡಿನಲ್ಲೇ ಆವಿಯಾಗಿ, ಮರಳಿನಲ್ಲಿ ಇಂಗಿ ಮುಗಿದುಹೋಗುವ ಈ ನದೀಮುಖವನ್ನು (ಡೆಲ್ಟಾ) ಯುನೆಸ್ಕೊ 2014ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಕ್ಟೋಬರ್‌ನಲ್ಲಿ ನೆರೆ ಇಳಿಯುತ್ತಿರುತ್ತದಾದರೂ ಉಳಿದ ನೀರಿನ ಸುತ್ತ ಪ್ರಾಣಿಗಳು ಜಮಾಯಿಸಿರುತ್ತವೆ.

ಚೋಬೆ ನದಿಯ ದಡದಲ್ಲಿರುವ ಚೋಬೆ ರಾಷ್ಟ್ರೀಯ ಉದ್ಯಾನದ್ದು ನಿಮಗೆ ಪರಿಚಿತವಾದ ಲೆಕ್ಕಾಚಾರವೇ. ಏಪ್ರಿಲ್‌ನಲ್ಲಿ ಕಾಡಿನೊಳಗಿನ ಕೆರೆಗಳು ಬತ್ತಿದಾಗ ಕಬಿನಿ ಹಿನ್ನೀರಿಗೆ ಆನೆಗಳು ಇಳಿದುಬರುವಂತೆ, ಇಲ್ಲಿ ಮೊಪಾನೆ ಮರಗಳ ಕಾಡಿನ ಹೊಂಡಗಳು ಒಣಗಿದ ಮೇಲೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಆನೆಗಳು ನದಿಯನ್ನೇ ನಂಬಿಕೊಂಡಿರುತ್ತವೆ. 2022ರ ವೈಮಾನಿಕ ಗಣತಿಯ ಪ್ರಕಾರ ಬೋಟ್ಸ್ವಾನಾದಲ್ಲಿ ಸುಮಾರು 1,30,000 ಆನೆಗಳಿವೆ. ಕಸಾನೆ ಊರಿನಿಂದ ಮಧ್ಯಾಹ್ನ ಮೂರರ ಹೊತ್ತಿಗೆ ಹೊರಡುವ ದೋಣಿಯಲ್ಲಿ ಕುಳಿತರೆ, ಸೆಡುಡು ದ್ವೀಪದ ಹುಲ್ಲಿಗಾಗಿ ಆನೆಗಳ ಸಾಲು ನದಿ ದಾಟುವುದನ್ನು ನೋಡಬಹುದು: ದೊಡ್ಡವುಗಳ ಬೆನ್ನಷ್ಟೇ ನೀರಿನ ಮೇಲೆ, ನಡುವೆ ಸಿಕ್ಕ ಮರಿಯದು ಸೊಂಡಿಲ ತುದಿ ಮಾತ್ರ. (ಈ ದ್ವೀಪ ಯಾರದೆಂದು ಬೋಟ್ಸ್ವಾನಾ ಮತ್ತು ನಮೀಬಿಯಾ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದವರೆಗೂ ಹೋಗಿ, 1999ರಲ್ಲಿ ತೀರ್ಪು ಬೋಟ್ಸ್ವಾನಾದ ಪರವಾಗಿ ಬಂತು. ಆನೆಗಳಿಗೆ ಅದರ ಗೊಡವೆಯಿಲ್ಲ.) ಜೀಪಿನ ಕುಲುಕಾಟವಿಲ್ಲದ ಈ ದೋಣಿ ಸಫಾರಿ ನಿಮ್ಮ ತಾಯಿಯವರಿಗೂ ಹಿತವೆನಿಸುತ್ತದೆ, ಅವರಿಗಾಗಿ ಜೀಪಿನ ಒಂದೆರಡು ಸುತ್ತುಗಳನ್ನು ಬಿಟ್ಟರೂ ನಷ್ಟವಿಲ್ಲ.

ಇನ್ನು ಖರ್ಚು. ಪ್ರವಾಸಿಗರು ಕಡಿಮೆಯಿರಲಿ, ಆದಾಯ ಹೆಚ್ಚಿರಲಿ ಎಂಬುದು ಬೋಟ್ಸ್ವಾನಾ ಸರ್ಕಾರ ಬಹುಕಾಲದಿಂದ ಪಾಲಿಸುತ್ತಿರುವ ನೀತಿ. ಹಾಗಾಗಿ ಪುಟ್ಟ ವಿಮಾನದಲ್ಲೇ ತಲುಪಬೇಕಾದ, ನದೀಮುಖದ ಒಳಗಿನ ಹಲವು ಕ್ಯಾಂಪ್‌ಗಳಲ್ಲಿ ಒಬ್ಬರಿಗೆ ಒಂದು ರಾತ್ರಿಗೇ ಸಾವಿರ ಡಾಲರ್ ದಾಟುತ್ತದೆ. ಅದರ ಬದಲು ಮೌನ್ ಪಟ್ಟಣದಿಂದ ರಸ್ತೆಯಲ್ಲೇ ಹೋಗಬಹುದಾದ ಕ್ವಾಯ್ ಪ್ರದೇಶವನ್ನು ಆರಿಸಿಕೊಳ್ಳಿ. ಮೊರೆಮಿ ರಕ್ಷಿತಾರಣ್ಯಕ್ಕೆ ತಾಗಿಕೊಂಡೇ ಇರುವ, ಸ್ಥಳೀಯ ಸಮುದಾಯದ ಟ್ರಸ್ಟ್‌ನ ಉಸ್ತುವಾರಿಯಲ್ಲಿರುವ ಜಾಗವಿದು. ರಾಷ್ಟ್ರೀಯ ಉದ್ಯಾನದೊಳಗೆ ನಿಷಿದ್ಧವಾದ ರಾತ್ರಿ ಸಫಾರಿಗೆ ಇಲ್ಲಿ ಅವಕಾಶವಿದೆ, ಕಾಡುನಾಯಿಗಳಿಗೂ ಈ ಭಾಗ ಹೆಸರುವಾಸಿ. ಘೇಂಡಾಮೃಗವನ್ನು ಮಾತ್ರ ನಿರೀಕ್ಷಿಸಬೇಡಿ. ಕಳ್ಳಬೇಟೆ ಅವುಗಳನ್ನು ಇಲ್ಲಿ ತೀರಾ ವಿರಳವಾಗಿಸಿದೆ. ಬೇಲಿಯಿಲ್ಲದ ಅನೇಕ ಕ್ಯಾಂಪ್‌ಗಳು ಮಕ್ಕಳಿಗೆ ಕನಿಷ್ಠ ವಯಸ್ಸು ನಿಗದಿಪಡಿಸಿರುತ್ತವೆ, ಮೊಕೊರೊ ಎಂಬ ಕಿರುದೋಣಿಗೂ ಅಂಥ ಮಿತಿಯಿರುತ್ತದೆ. ಆದ್ದರಿಂದ ಮುಂಗಡ ಕೊಡುವ ಮೊದಲೇ ಮಗನ ವಯಸ್ಸು ತಿಳಿಸಿ ಲಿಖಿತ ಒಪ್ಪಿಗೆ ಪಡೆಯಿರಿ.

ಬೇಸಿಗೆ ರಜೆಯೇ ಅನಿವಾರ್ಯವಾದರೆ ಮೇ ಕೊನೆಯ ವಾರಗಳನ್ನು ಆರಿಸಿಕೊಳ್ಳಿ. ಹವೆ ತಂಪು, ದರವೂ ತುಸು ಇಳಿದಿರುತ್ತದೆ. ಆದರೆ ಹುಲ್ಲು ಎತ್ತರಕ್ಕೆ ಬೆಳೆದು, ಕಾಡೆಲ್ಲ ನೀರಿರುವುದರಿಂದ ಪ್ರಾಣಿಗಳು ಚದುರಿಹೋಗಿರುತ್ತವೆ. ಅಕ್ಟೋಬರ್‌ನ ತೊಂದರೆಯೆಂದರೆ 40 ಡಿಗ್ರಿ ಮುಟ್ಟುವ ಬಿಸಿಲು. ಮಧ್ಯಾಹ್ನದ ಹೊತ್ತು ತಾಯಿಯವರು ನೆರಳಿನಲ್ಲೇ ಇರಲಿ. ಉತ್ತರ ಬೋಟ್ಸ್ವಾನಾದಲ್ಲಿ ಮಲೇರಿಯಾ ಇರುವುದರಿಂದ, ಹೊರಡುವ ಮುಂಚೆ ಶುರುಮಾಡಿ ಮರಳಿದ ಮೇಲೂ ಮುಂದುವರಿಸಬೇಕಾದ ಮಾತ್ರೆಗಳ ಬಗ್ಗೆ ವೈದ್ಯರನ್ನು ಕೇಳಿ. ಬೆಂಗಳೂರಿನಿಂದ ನೇರ ವಿಮಾನವಿಲ್ಲ. ಜೊಹಾನ್ಸ್‌ಬರ್ಗ್ ಮೂಲಕ ಹೋಗುವುದಾದರೆ ಇಡೀ ಪ್ರಯಾಣವನ್ನು ಒಂದೇ ಟಿಕೆಟ್‌ನಲ್ಲಿ ಮಾಡಿಸಿ. ಬೇರೆ ಬೇರೆ ಟಿಕೆಟ್ ಆದರೆ ಲಗೇಜಿಗಾಗಿ ಹೊರಬರಬೇಕಾಗಿ, ದಕ್ಷಿಣ ಆಫ್ರಿಕಾದ ವೀಸಾವೂ ಬೇಕಾಗುತ್ತದೆ. ಅಡಿಸ್ ಅಬಾಬಾ ಅಥವಾ ನೈರೋಬಿಯಲ್ಲಿ ವಿಮಾನ ನಿಲ್ದಾಣ ಬಿಟ್ಟು ಹೊರಗೆ ಹೋಗುವುದಿದ್ದರೆ, ಭಾರತಕ್ಕೆ ಮರಳುವಾಗ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ತೋರಿಸಬೇಕಾಗುತ್ತದೆ.

ಪ್ರಶ್ನೆ: ಬೋಟ್ಸ್ವಾನಾದಲ್ಲಿ ಕಾರು ಬಾಡಿಗೆಗೆ ಪಡೆದು ನಾವೇ ಓಡಿಸಬಹುದೇ?
— ಹುಬ್ಬಳ್ಳಿಯ ಓದುಗರೊಬ್ಬರು

ಉತ್ತರ: ಓಡಿಸಬಹುದು, ನಮ್ಮಂತೆ ಅಲ್ಲಿಯೂ ವಾಹನಗಳು ಎಡಬದಿಯಲ್ಲೇ ಚಲಿಸುತ್ತವೆ. ಆದರೆ ಮೊರೆಮಿ ಮತ್ತು ಚೋಬೆ ಉದ್ಯಾನದ ಸವೂಟಿ ಭಾಗದ ಆಳವಾದ ಮರಳು ದಾರಿ ಹೊಸಬರಿಗಲ್ಲ. ಮೊದಲ ಸಲವಾದರೆ ನಮೀಬಿಯಾದ ಎಟೋಷಾ ಉದ್ಯಾನಕ್ಕೆ ಹೋಗಿ. ಅಲ್ಲಿನ ಜಲ್ಲಿ ರಸ್ತೆಗಳಲ್ಲಿ ಸಾಮಾನ್ಯ ಕಾರೂ ಸಾಗುತ್ತದೆ, ತಂಗುದಾಣಗಳಿಗೆ ಬೇಲಿಯಿದೆ. ಒಕಾಕುಯೊ ತಂಗುದಾಣದ ನೀರುಗುಂಡಿಗೆ ರಾತ್ರಿಯಿಡೀ ದೀಪ ಉರಿಯುವುದರಿಂದ ಘೇಂಡಾಮೃಗಗಳು ನೀರಿಗೆ ಬರುವುದನ್ನು ಬೆಂಚಿನ ಮೇಲೆ ಕುಳಿತೇ ನೋಡಬಹುದು. ಜಲ್ಲಿ ರಸ್ತೆಯಲ್ಲಿ ವೇಗ ಹೆಚ್ಚಾದರೆ ಬ್ರೇಕ್ ಹಾಕಿದಾಗ ಕಾರು ಜಾರಿ ಪಲ್ಟಿಯಾಗುತ್ತದೆ, ಉದ್ಯಾನದ ಹೊರಗೆ ಕತ್ತಲಾದ ಮೇಲೆ ದನ, ಕುಡು ಜಿಂಕೆಗಳು ಅಡ್ಡ ಬರುತ್ತವೆ. ಹಾಗಾಗಿ ಸೂರ್ಯಾಸ್ತಕ್ಕೆ ಮುಂಚೆಯೇ ತಂಗುದಾಣ ಸೇರುವಂತೆ ದಿನದ ದೂರವನ್ನು ನಿಗದಿಪಡಿಸಿಕೊಳ್ಳಿ. ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ನಿಮ್ಮ ಆರ್‌ಟಿಒ ಕಚೇರಿಯಿಂದಲೇ ಮಾಡಿಸಿಕೊಳ್ಳಬಹುದು. ಕಾರು ಪಡೆಯುವಾಗ ವಿಮೆಯಲ್ಲಿ ಟೈರು ಮತ್ತು ಗಾಜು ಸೇರಿವೆಯೇ ಎಂದು ನೋಡಿಕೊಳ್ಳಿ, ಏಕೆಂದರೆ ಜಲ್ಲಿಗೆ ಮೊದಲು ಒಡೆಯುವುದು ಅವೇ.