ಹಗ್ಗ ಬಿಚ್ಚಿಕೊಂಡು ಓಡಿದ ಹಸು, ಕಡಸುಗಳನ್ನು ವಾಪಸ್ ತರುವುದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ಸಂತೆಯಿಂದ ತಂದ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಜಿಯನ್ ತಳಿ) ಹಸು ಮತ್ತು ಎರಡು ಕಡಸು ವಾರದಲ್ಲಿ ಎರಡು ಸಲ ತಪ್ಪಿಸಿಕೊಂಡಿವೆ. ಮನೆಮಂದಿಯೆಲ್ಲ ಬೆನ್ನಟ್ಟಿದಷ್ಟೂ ದೂರ ಓಡುತ್ತವೆ, ಪಕ್ಕದವರ ರಾಗಿ ಹೊಲ ಬೇರೆ ತುಳಿದಿವೆ.

ಮೊದಲು ಬೆನ್ನಟ್ಟುವುದನ್ನು ನಿಲ್ಲಿಸಿ. ಓಡುವ ದನವನ್ನು ಓಡಿ ಹಿಡಿಯಲು ಯಾರಿಂದಲೂ ಆಗದು. ಹಿಂದೆ ಸದ್ದು ಇರುವ ತನಕ ಅದು ಓಡುತ್ತದೆ, ಸದ್ದು ನಿಂತರೆ ಸ್ವಲ್ಪ ದೂರದಲ್ಲಿ ನಿಂತು ತಿರುಗಿ ನೋಡುತ್ತದೆ, ಆಮೇಲೆ ಬಾಯಿಗೆ ಸಿಕ್ಕಿದ್ದನ್ನು ಮೇಯಲು ತೊಡಗುತ್ತದೆ. ಆ ಹತ್ತು ನಿಮಿಷವೇ ನಿಮ್ಮದು. ಅಷ್ಟರಲ್ಲಿ ಒಬ್ಬರು ರಸ್ತೆಯ ಕಡೆಗೆ ಹೋಗಿ ಬಂಡಿ, ಬೈಕುಗಳನ್ನು ನಿಧಾನ ಮಾಡಿಸಲಿ. ಇನ್ನೊಬ್ಬರು ತೆರೆದ ಬಾವಿ, ಕೃಷಿಹೊಂಡ ಇರುವ ಕಡೆ ನಿಲ್ಲಲಿ. ನಾಯಿಯನ್ನು ಕಟ್ಟಿಹಾಕಿ. ಕೂಗಾಡುವ ಹುಡುಗರನ್ನು ಮನೆಗೆ ಕಳಿಸಿ. ದನದ ಹಿಂದೆ ಇಬ್ಬರು, ಹೆಚ್ಚೆಂದರೆ ಮೂವರು ಸಾಕು.

ನಿಮ್ಮ ಮೂರು ರಾಸುಗಳಲ್ಲಿ ಮೊದಲು ಹಸುವನ್ನು ತನ್ನಿ, ಕಡಸುಗಳ ತಂಟೆಗೆ ಹೋಗಬೇಡಿ. ಕಡಸಿಗೆ ಹಗ್ಗದ ರೂಢಿ ಇಲ್ಲ. ಅದನ್ನು ಒಂಟಿಯಾಗಿ ಬೇರ್ಪಡಿಸಿದರೆ ಗಾಬರಿಯಿಂದ ಬೇಲಿಯನ್ನೇ ನುಗ್ಗುತ್ತದೆ. ದಿನವೂ ಹಾಲು ಕರೆಸಿಕೊಂಡು ಪಳಗಿದ ಹಸು ಬಂದರೆ ಕಡಸುಗಳು ಹತ್ತಿಪ್ಪತ್ತು ಮಾರು ಹಿಂದೆ ತಾವಾಗಿಯೇ ಬರುತ್ತವೆ. ಒಂದೆರಡು ಕಿಲೋ ಬೂಸಾವನ್ನು ದಿನವೂ ಕೊಡುವ ಅದೇ ಬಕೆಟ್‌ನಲ್ಲಿ ಹಾಕಿ ಅಲ್ಲಾಡಿಸಿ. ಬಕೆಟ್ಟಿನ ಸದ್ದು ಅದಕ್ಕೆ ಗೊತ್ತು, ಹೊಸ ಪಾತ್ರೆ ತಂದರೆ ಅನುಮಾನ ಪಡುತ್ತದೆ. ಎರಡು ಬಾಯಿ ತಿನ್ನಲು ಬಿಟ್ಟು, ಮುಖ ನೋಡದೆ ಕೊಟ್ಟಿಗೆ ಕಡೆಗೆ ನಡೆಯಿರಿ. ತಿನ್ನುತ್ತಿರುವಾಗ ತಟ್ಟನೆ ಕೊರಳಿಗೆ ಕೈಹಾಕುವುದು ಎಲ್ಲರೂ ಮಾಡುವ ತಪ್ಪು. ಒಮ್ಮೆ ಹಾಗೆ ಮೋಸ ಹೋದ ಹಸು ಮುಂದಿನ ಸಲ ಬಕೆಟ್ಟನ್ನೂ ನಂಬುವುದಿಲ್ಲ. ಕರು ಇದ್ದರೆ ಬೂಸಾ ಕೂಡ ಬೇಡ, ಕರುವನ್ನು ಕಾಣುವ ಜಾಗಕ್ಕೆ ತಂದು ಒಮ್ಮೆ ಕೂಗಿಸಿದರೆ ಸಾಕು.

ಮೇವಿಗೆ ಬಗ್ಗದಿದ್ದರೆ ನಡೆಸಿಕೊಂಡೇ ತರಬೇಕು. ಇಲ್ಲಿ ಕೋಲಿಗಿಂತ ನೀವು ನಿಲ್ಲುವ ಜಾಗ ಮುಖ್ಯ. ದನಕ್ಕೆ ಕಣ್ಣು ತಲೆಯ ಎರಡು ಪಕ್ಕಕ್ಕಿರುವುದರಿಂದ ಸುತ್ತಲೂ ಕಾಣುತ್ತದೆ, ಸರಿಯಾಗಿ ಬೆನ್ನ ಹಿಂದೆ ಮಾತ್ರ ಕಾಣದು. ಹಿಂದಿನಿಂದ ಹೋದರೆ ಬೆದರುವುದು ಅಥವಾ ನೋಡಲೆಂದು ತಿರುಗುವುದು ಅದಕ್ಕೇ. ಪಕ್ಕದಿಂದ, ಓರೆಯಾಗಿ, ಅವಸರವಿಲ್ಲದೆ ಹತ್ತಿರವಾಗಿ. ತಲೆ ಎತ್ತಿ ಕಿವಿ ನಿಮ್ಮ ಕಡೆ ತಿರುಗಿಸಿತೆಂದರೆ ಅಲ್ಲೇ ನಿಲ್ಲಿ. ಅದರ ಗಡಿ ಅದು. ಪಳಗಿದ ಎಚ್‌ಎಫ್‌ಗೆ ಆ ಗಡಿ ಕೈಯಳತೆ ಇರಬಹುದು, ಕೈ ಮುಟ್ಟಿಸಿಕೊಳ್ಳದ ಕಡಸಿಗೆ ಹದಿನೈದಿಪ್ಪತ್ತು ಅಡಿ. ಗಡಿಯೊಳಗೆ ಒಂದು ಹೆಜ್ಜೆ ಇಟ್ಟರೆ ದನ ಹೆಜ್ಜೆ ಕೀಳುತ್ತದೆ. ಕಿತ್ತ ಕೂಡಲೇ ನೀವು ಒಂದು ಹೆಜ್ಜೆ ಹಿಂದೆ ಸರಿಯಿರಿ. ಒತ್ತುತ್ತಲೇ ಹೋದರೆ ನಡಿಗೆ ಓಟವಾಗುತ್ತದೆ.

ಯಾವ ಕಡೆ ಹೋಗಬೇಕೆಂಬುದು ಭುಜದ ಲೆಕ್ಕ. ಭುಜಕ್ಕಿಂತ ಹಿಂದೆ ನಿಂತು ಒತ್ತಿದರೆ ಮುಂದೆ ನಡೆಯುತ್ತದೆ, ಭುಜ ದಾಟಿ ಮುಂದೆ ಬಂದರೆ ನಿಲ್ಲುತ್ತದೆ ಇಲ್ಲವೇ ಹಿಂದಕ್ಕೆ ತಿರುಗುತ್ತದೆ. ದನ ಗೇಟಿನ ಹತ್ತಿರ ಬಂದಾಗ ಉತ್ಸಾಹದಿಂದ ಓಡಿಬಂದು ಅದರ ಮುಖದ ಎದುರು ನಿಲ್ಲುವವರೇ ಕೆಲಸ ಕೆಡಿಸುವವರು. ಬಯಲಿನಲ್ಲಿ ನಡೆಸುವುದಕ್ಕಿಂತ ಬೇಲಿಯ ಅಥವಾ ಬದುವಿನ ಪಕ್ಕಕ್ಕೆ ತಂದುಕೊಳ್ಳಿ, ಒಂದು ಬದಿ ತಾನೇ ಕಾಯುತ್ತದೆ. ಇನ್ನೊಂದು ಬದಿಗೆ ಇಪ್ಪತ್ತು ಅಡಿ ಉದ್ದದ ಹಸಿರು ನೆರಳುಪರದೆಯನ್ನೋ ಹಳೆಯ ಸೀರೆಯನ್ನೋ ಇಬ್ಬರು ನೆಲ ಮುಟ್ಟುವಂತೆ ಹಿಡಿದು ನಡೆದರೆ ದನ ಅದನ್ನು ಗೋಡೆಯೆಂದೇ ತಿಳಿಯುತ್ತದೆ. ನುಗ್ಗಿ ಬಂದರೆ ಮಾತ್ರ ತಕ್ಷಣ ಕೈಬಿಡಿ.

ಹಗ್ಗ ಹಾಕಲೇಬೇಕಾದರೆ ಹೆಬ್ಬೆರಳು ದಪ್ಪದ, ಹನ್ನೆರಡರಿಂದ ಹದಿನೈದು ಅಡಿಯ ಹತ್ತಿ ಇಲ್ಲವೇ ನಾರಿನ ಹಗ್ಗ ಇರಲಿ. ನೈಲಾನ್ ಜಾರಿದರೆ ಅಂಗೈ ಸಿಪ್ಪೆ ಸುಲಿಯುತ್ತದೆ. ಕೊರಳಿಗೆ ಜಾರುಗುಣಿಕೆ ಬೇಡ, ಎಳೆದಷ್ಟೂ ಉಸಿರುಗಟ್ಟಿ ದನ ನೆಲಕ್ಕೆ ಬೀಳುತ್ತದೆ. ಎಳೆದರೂ ಬಿಗಿಯದ ಗಂಟು ಹಾಕಿ ಮೂತಿಗೊಂದು ಸುತ್ತು ತನ್ನಿ, ಆಗ ತಲೆ ನಿಮ್ಮ ಹಿಡಿತಕ್ಕೆ ಬರುತ್ತದೆ. ಹಗ್ಗವನ್ನು ಕೈಗೆ ಸುತ್ತಿಕೊಂಡರೆ ಬೆರಳು ಹೋಗುತ್ತದೆ, ಸೊಂಟಕ್ಕೆ ಕಟ್ಟಿಕೊಂಡರೆ ಜೀವವೇ ಹೋಗಬಹುದು. ಮರಕ್ಕೋ ಕಂಬಕ್ಕೋ ಒಂದು ಸುತ್ತು ಹಾಕಿ ತುದಿ ಹಿಡಿಯಿರಿ, ಆ ಸುತ್ತೇ ಬ್ರೇಕು. ಎತ್ತು ಮೂಗುದಾರ ಎಳೆದುಕೊಂಡು ಓಡುತ್ತಿದ್ದರೆ ಹಗ್ಗದ ತುದಿಯನ್ನು ಕಾಲಲ್ಲಿ ತುಳಿಯಬೇಡಿ, ಮೂಗು ಹರಿಯುತ್ತದೆ. ಹೋರಿ ತಪ್ಪಿಸಿಕೊಂಡಿದ್ದರೆ ಲೆಕ್ಕವೇ ಬೇರೆ: ತಲೆ ತಗ್ಗಿಸಿ ಮಣ್ಣು ಕೆರೆಯುವುದು, ಮೈ ಅಡ್ಡಡ್ಡ ತೋರಿಸಿ ನಿಲ್ಲುವುದು ಕಂಡರೆ ಬೆನ್ನು ತಿರುಗಿಸದೆ ನಿಧಾನ ಹಿಂದೆ ಸರಿಯಿರಿ. ಒಬ್ಬರೇ ಹೋಗಲೇಬೇಡಿ.

ಕತ್ತಲಾದರೆ ಟಾರ್ಚನ್ನು ದನದ ಕಣ್ಣಿಗೆ ಬಿಡದೆ ನೆಲದ ಮೇಲೆ ಬಿಡಿ. ಬೆಳಕಿನಿಂದ ಕತ್ತಲ ಕೊಟ್ಟಿಗೆಗೆ ದನ ನುಗ್ಗುವುದಿಲ್ಲ, ಆದ್ದರಿಂದ ಕೊಟ್ಟಿಗೆಯ ಒಳಗೆ ದೀಪ ಹಾಕಿಟ್ಟಿರಿ.

ಹಿಡಿದು ಕಟ್ಟಿದ ಮೇಲೆ ಏನು ಮೇದಿದೆ ಎಂದು ನೋಡದೆ ಮಲಗಬೇಡಿ. ನನ್ನ ಮಟ್ಟಿಗೆ ಓಟಕ್ಕಿಂತ ಇದು ದೊಡ್ಡ ಅಪಾಯ. ಮಳೆಯಿಲ್ಲದೆ ಬಾಡಿದ ಎಳೆ ಜೋಳ, ಕೊಯ್ದ ಕೂಳೆಯಲ್ಲಿ ಚಿಗುರಿದ ಜೋಳ ಮೇದಿದ್ದರೆ ಸಯನೈಡ್ ವಿಷ. ಕೆಲವೇ ನಿಮಿಷದಲ್ಲಿ ಏದುಸಿರು, ತೂರಾಟ ಶುರುವಾಗುತ್ತದೆ, ಮದ್ದು ಡಾಕ್ಟರ ಇಂಜೆಕ್ಷನ್ ಮಾತ್ರ. ಅಂಥ ದನವನ್ನು ನಡೆಸಬೇಡಿ, ಪಶುವೈದ್ಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಇಬ್ಬನಿ ಹಿಡಿದ ಅಲಸಂದೆ, ಕುದುರೆ ಮಸಾಲೆ ಸೊಪ್ಪು ತಿಂದಿದ್ದರೆ ಎಡಪಕ್ಕೆ ಉಬ್ಬುತ್ತದೆ. ಮುಂಗಾಲು ಎತ್ತರದ ಕಡೆ ಇರುವಂತೆ ನಿಲ್ಲಿಸಿ, ಕಾಲು ಲೀಟರ್‌ನಿಂದ ಅರ್ಧ ಲೀಟರ್ ಅಡುಗೆ ಎಣ್ಣೆಯನ್ನು ತಲೆ ಅತಿಯಾಗಿ ಎತ್ತದೆ ನಿಧಾನ ಕುಡಿಸಿ ಡಾಕ್ಟರನ್ನು ಕರೆಯಿರಿ. ಅವಸರಪಟ್ಟರೆ ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಕಣದಲ್ಲಿ ರಾಶಿಯ ಕಾಳಿಗೆ ಬಾಯಿ ಹಾಕಿದ್ದರೆ ಆ ಹೊತ್ತಿಗೆ ಏನೂ ಕಾಣದು, ಮರುದಿನ ಮೆಲುಕು ನಿಂತು ಮಲಗಿಬಿಡುತ್ತದೆ. ಆದ್ದರಿಂದ ಚೆನ್ನಾಗಿದೆಯಲ್ಲ ಎಂದು ಸುಮ್ಮನಿರದೆ ಅಂದೇ ಡಾಕ್ಟರಿಗೆ ಹೇಳಿ. ಮೇದ ಹೊಲಕ್ಕೆ ಔಷಧಿ ಹೊಡೆದಿದ್ದಾರೆಯೇ ಎಂದು ಹೊಲದವರನ್ನು ಕೇಳುವುದೂ ಅಷ್ಟೇ ಮುಖ್ಯ. ಹೇಗಿದ್ದರೂ ಬೆಳೆನಷ್ಟದ ಮಾತಿಗೆ ಅವರ ಮನೆಗೆ ನೀವೇ ಮೊದಲು ಹೋಗಬೇಕು. ಅವರಾಗಿ ದನ ಹಿಡಿದು ದೊಡ್ಡಿಗೆ (ಬೆಳೆ ಮೇದ ದನ ಕೂಡಿಹಾಕುವ ಜಾಗಕ್ಕೆ) ಅಟ್ಟಿದರೆ ದಂಡ ಕಟ್ಟಿ ಬಿಡಿಸಿಕೊಳ್ಳಬೇಕಾಗುತ್ತದೆ, ನೆರೆಹೊರೆಯ ಬಾಂಧವ್ಯವೂ ಕೆಡುತ್ತದೆ.

ಇನ್ನು ಯಾಕೆ ಓಡಿತು ಎಂಬುದು. ಹೊಸದಾಗಿ ತಂದ ಹಸು ಹಳೆಯ ಮನೆಯ ದಿಕ್ಕಿಗೇ ಹೋಗುತ್ತದೆ, ಮುಂದಿನ ಸಲ ಕಾಣದಿದ್ದರೆ ಆ ದಾರಿಯಲ್ಲೇ ಹುಡುಕಿ. ಹತ್ತು ಹದಿನೈದು ದಿನ ಮೇಯಲು ಬಿಡದೆ, ಸಾಧುವಾದ ಹಳೆಯ ಹಸುವಿನ ಪಕ್ಕ ಕಟ್ಟಿ, ದಿನವೂ ಅದದೇ ಹೊತ್ತಿಗೆ ಮೇವು ಹಾಕಿ. ಓಡಿದ ದಿನ ಒದರುತ್ತಿತ್ತು, ಬೇರೆ ದನದ ಮೇಲೆ ಹತ್ತುತ್ತಿತ್ತು ಎಂದರೆ ಬೆದೆ. ಆ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಸುಮಾರು 21 ದಿನಕ್ಕೆ ಮತ್ತೆ ಬರುತ್ತದೆ. ದಾರಿಯಲ್ಲಿ ಯಾವುದೋ ಹೋರಿ ಹಾರಿರಬಹುದು ಎಂಬುದನ್ನೂ ಕೃತಕ ಗರ್ಭಧಾರಣೆಯ ಇಂಜೆಕ್ಷನ್ ಹಾಕುವವರಿಗೆ ತಿಳಿಸಿ.

ಎರಡು ಸಲವೂ ಹಗ್ಗ ಹರಿಯದೆ ಬಿಚ್ಚಿಕೊಂಡಿದ್ದರೆ ತಪ್ಪು ಗಂಟಿನದು. ಸಡಿಲ ತುದಿ ನಾಲಿಗೆಗೆ ಸಿಕ್ಕರೆ ಹಸು ಎಳೆದೆಳೆದು ಬಿಚ್ಚುತ್ತದೆ, ತುದಿಯನ್ನು ಅದರ ಬಾಯಿಗೆ ಎಟುಕದ ಕಡೆಗೆ ತಿರುಗಿಸಿ ಕಟ್ಟಿ. ಗೂಟ ಎರಡೂವರೆ ಅಡಿ ಉದ್ದವಿದ್ದರೆ ಒಂದೂವರೆ ಅಡಿಯಾದರೂ ನೆಲದಲ್ಲಿರಲಿ, ದನ ಎಳೆಯುವ ದಿಕ್ಕಿಗೆ ಎದುರಾಗಿ ಓರೆಯಾಗಿ ಹೊಡೆಯಿರಿ, ಹಗ್ಗವನ್ನು ಗೂಟದ ನೆತ್ತಿಗಲ್ಲ, ನೆಲಕ್ಕೆ ಹತ್ತಿರ ಕಟ್ಟಿ. ನೆತ್ತಿಗೆ ಕಟ್ಟಿದರೆ ಗೂಟವೇ ಸನ್ನೆಕೋಲಾಗಿ ಕಿತ್ತುಬರುತ್ತದೆ, ಮಳೆ ಬಿದ್ದ ಮಾರನೆ ದಿನ ಇನ್ನೂ ಬೇಗ. ಬೇಲಿಗೆ ಮನೆಯ ಕರೆಂಟನ್ನು ನೇರವಾಗಿ ಕೊಡುವವರ ಮಾತು ಕೇಳಬೇಡಿ, ಅದು ಅಪರಾಧ, ಮೊದಲು ಸಾಯುವುದು ಮನೆಯವರೇ.