ಓದುಗರ ಪ್ರಶ್ನೆಗೆ ಉತ್ತರ: ಮನೆ, ತೋಟದ ಸುತ್ತಲಿನ ಕಣಜದ ಗೂಡುಗಳು

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಅಡಿಕೆ ತೋಟ. ಮನೆಯಿಂದ ತೋಟಕ್ಕೆ ಇಳಿಯುವ ದಾರಿಯ ಪಕ್ಕದ ಧರೆಯಲ್ಲಿ ಒಂದು ಬಿಲವಿದ್ದು, ಹೊಟ್ಟೆಯ ಮೇಲೆ ಅಗಲವಾದ ಹಳದಿ ಪಟ್ಟಿಯಿರುವ ದೊಡ್ಡ ಕಣಜಗಳು ಅದರೊಳಗೆ ದಿನವಿಡೀ ಹೋಗಿ ಬರುತ್ತಿವೆ. ಕಳೆ ಕೊಚ್ಚುವ ಯಂತ್ರ ಹಿಡಿದು ಅತ್ತ ಹೋದ ಕೆಲಸದವರಿಗೆ ಮೂರ್ನಾಲ್ಕು ಕಡೆ ಕಚ್ಚಿವೆ. ಇನ್ನೊಂದು ಗೂಡು ತೋಟದಾಚೆಯ ಹಲಸಿನ ಮರದ ಎತ್ತರದ ಕೊಂಬೆಯಲ್ಲಿ ಕೊಡದಷ್ಟು ದೊಡ್ಡದಾಗಿ ತೂಗುತ್ತಿದೆ. ಬಿಲಕ್ಕೆ ಸೀಮೆಎಣ್ಣೆ ಸುರಿದು ಬೆಂಕಿ ಕೊಟ್ಟು, ಬಾಯಿಗೆ ಮಣ್ಣು ಮೆತ್ತಬೇಕೆಂದು ನೆರೆಯವರು ಹೇಳುತ್ತಾರೆ. ಹಾಗೆ ಮಾಡಬಹುದೇ?

ಉತ್ತರ: ದಯವಿಟ್ಟು ಬೆಂಕಿಯನ್ನೂ ಕೊಡಬೇಡಿ, ಮಣ್ಣನ್ನೂ ಮೆತ್ತಬೇಡಿ. ಬಿಲದ ದಾರಿ ಹೊರಗಿನಿಂದ ಕಾಣುವಷ್ಟು ನೇರವಾಗಿರುವುದಿಲ್ಲವಾದ್ದರಿಂದ ಬೆಂಕಿ ಬಾಯಲ್ಲೇ ಉರಿದು ಆರುತ್ತದೆ, ಒಳಗಿನ ಗೂಡಿಗೆ ತಲುಪುವುದಿಲ್ಲ. ರೊಚ್ಚಿಗೆದ್ದ ಹುಳುಗಳು ಹೊರಬಂದಾಗ ದೊಂದಿ ಹಿಡಿದವರೇ ಮೊದಲು ಸಿಗುತ್ತಾರೆ. ಸುರಿದ ಎಣ್ಣೆ ನೆಲಕ್ಕಿಳಿಯುತ್ತದೆ, ಹತ್ತಿರದಲ್ಲಿ ಬಾವಿಯಿದ್ದರೆ ಅದರ ನೀರೂ ಕೆಡುತ್ತದೆ. ಬಾಯಿ ಮುಚ್ಚಿದರೆ ಅವು ಬೇರೆ ಕಡೆ ದಾರಿ ಕೊರೆದುಕೊಳ್ಳುತ್ತವೆ. ಮನೆಯ ಗೋಡೆಯ ಸಂದಿಯಲ್ಲೋ ಮುಚ್ಚಿಗೆಯ ಮೇಲೋ ಗೂಡಿದ್ದಾಗ ಹೊರಗಿನ ಕಂಡಿಯನ್ನು ಮುಚ್ಚುವುದು ಇನ್ನೂ ಅಪಾಯಕರ, ಏಕೆಂದರೆ ಆಗ ಅವು ಮನೆಯೊಳಕ್ಕೇ ಇಳಿಯಬಹುದು.

ನಿಮ್ಮ ಎರಡು ಗೂಡುಗಳನ್ನು ಒಂದೇ ರೀತಿ ನೋಡಬೇಕಾಗಿಲ್ಲ. ಹಲಸಿನ ಮರದ ಗೂಡನ್ನು ಹಾಗೆಯೇ ಬಿಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಜನರ ಓಡಾಟವಿಲ್ಲದ ಎತ್ತರದಲ್ಲಿರುವ ಕಣಜಗಳು ತಾವಾಗಿಯೇ ಯಾರ ಮೈಮೇಲೂ ಬರುವುದಿಲ್ಲ. ಕಂಬಳಿಹುಳು ಮತ್ತಿತರ ಕೀಟಗಳನ್ನು ಬೇಟೆಯಾಡಿ ಮರಿಗಳಿಗೆ ಉಣಿಸುವುದರಿಂದ ಅವುಗಳಿಂದ ತೋಟಕ್ಕೆ ಉಪಕಾರವೇ ಇದೆ. ನೀವು ತುಡುವೆ ಜೇನಿನ ಪೆಟ್ಟಿಗೆ ಇಟ್ಟಿದ್ದರೆ ಮಾತ್ರ ಅವುಗಳ ಕಾಟ ತಪ್ಪಿದ್ದಲ್ಲ. ಪೆಟ್ಟಿಗೆಯ ಬಾಗಿಲನ್ನು ಜೇನುನೊಣ ಮಾತ್ರ ನುಸುಳುವಷ್ಟು ಕಿರಿದುಗೊಳಿಸಿದರೆ ದೊಡ್ಡ ಕಣಜ ಒಳನುಗ್ಗುವುದು ತಪ್ಪುತ್ತದೆ. ಆ ಮರದ ಬುಡದಲ್ಲಿ ಕೆಲಸ ಮಾಡದಂತೆ ಎಲ್ಲರಿಗೂ ತಿಳಿಸಿ. ಔಷಧಿ ಹೊಡೆಯಲು ಅಥವಾ ಕೊನೆ ಕೊಯ್ಯಲು ಜನ ಮರ ಹತ್ತುವ ಮುನ್ನ ಅಡಿಕೆ ಮರಗಳ ತಲೆಯನ್ನೂ ಅಕ್ಕಪಕ್ಕದ ಕಾಡುಮರಗಳನ್ನೂ ಕೆಳಗಿನಿಂದಲೇ ಒಮ್ಮೆ ನಿಧಾನವಾಗಿ ನೋಡುವ ರೂಢಿ ಮಾಡಿಕೊಳ್ಳಿ. ಮರದ ತುದಿಯಲ್ಲಿರುವವರಿಗೆ ಓಡಿ ತಪ್ಪಿಸಿಕೊಳ್ಳುವ ದಾರಿಯೇ ಇರುವುದಿಲ್ಲ.

ಧರೆಯ ಬಿಲದ ಮಾತು ಬೇರೆ. ದಿನನಿತ್ಯ ನಡೆಯುವ ದಾರಿಯಲ್ಲಿರುವುದರಿಂದಲೂ ಈಗಾಗಲೇ ಒಬ್ಬರಿಗೆ ಕಚ್ಚಿರುವುದರಿಂದಲೂ ಅದನ್ನು ತೆಗೆಸಲೇಬೇಕು. ದೂರದಲ್ಲಿ ನಿಂತು ಬಿಲದ ಬಾಯನ್ನು ಗಮನಿಸಿ: ಒಂದೊಂದು ಹುಳು ಮಣ್ಣಿನ ಸಣ್ಣ ಉಂಡೆಯನ್ನು ಕಚ್ಚಿಕೊಂಡು ಬಂದು ಹೊರಗೆ ಉದುರಿಸಿ ಹೋಗುತ್ತಿದ್ದರೆ, ಒಳಗೆ ಗೂಡು ಇನ್ನೂ ಹಿಗ್ಗುತ್ತಿದೆ ಎಂದು ತಿಳಿಯಬೇಕು. ಮರದ ನಾರನ್ನು ಅಗಿದು ಎಂಜಲಿನಲ್ಲಿ ಕಲೆಸಿ ಮಾಡಿದ ಕಾಗದದಂಥ ಹಲ್ಲೆಗಳನ್ನು (ಕೋಶಗಳ ತಟ್ಟೆಗಳನ್ನು) ಅವು ಅಂತಸ್ತಿನ ಕೆಳಗೆ ಅಂತಸ್ತಾಗಿ ಕಟ್ಟುತ್ತವೆ. ಅದಕ್ಕೆ ಜಾಗ ಬೇಕಾದಷ್ಟೂ ಮಣ್ಣನ್ನು ಹೊರಗೆ ಸಾಗಿಸುತ್ತವೆ. ನೆಲದ ಅದುರಿಕೆ ಅವುಗಳನ್ನು ಬೇಗ ಕೆರಳಿಸುತ್ತದೆ, ನಿಮ್ಮ ಕೆಲಸದವರಿಗೆ ಕಚ್ಚಿದ್ದು ಬಹುಶಃ ಯಂತ್ರದ ಆ ಅದುರಿಕೆಯಿಂದಲೇ. ಗೂಡು ತೆಗೆಯುವವರೆಗೆ ಸುತ್ತ 30 ಅಡಿಯಾದರೂ ಬಿಟ್ಟು ಹಗ್ಗ ಕಟ್ಟಿ, ಬೇರೆ ದಾರಿಯಲ್ಲಿ ಓಡಾಡಿ.

ತೆಗೆಯುವ ಕೆಲಸವನ್ನು ಅನುಭವವುಳ್ಳವರಿಗೇ ಒಪ್ಪಿಸಿ. ಅವರು ಸರಿಯಾಗಿ ಮಾಡುತ್ತಿದ್ದಾರೆಯೇ ಎಂದು ನೋಡಲು ನಿಮಗೆ ಇಷ್ಟು ತಿಳಿದಿರಲಿ. ಕತ್ತಲಾಗಿ ಹುಳುಗಳೆಲ್ಲ ಒಳಸೇರಿದ ಮೇಲೆಯೇ ಕೆಲಸ ಹಿಡಿಯಬೇಕು. ದೊಡ್ಡ ಕಣಜದ ಕೊಂಡಿ ಒಂದು ಪದರದ ಬಟ್ಟೆಯನ್ನು ದಾಟುವುದರಿಂದ ದಪ್ಪ ಬಟ್ಟೆಯ ಮೇಲೆ ಮಳೆಕೋಟು, ಗಂಬೂಟು, ಕೈಗವಸು, ಮುಖಕ್ಕೆ ಜೇನು ಸಾಕುವವರ ಬಲೆ ಇರಬೇಕು. ಮಣಿಕಟ್ಟು ಮತ್ತು ಕಾಲಿನ ಸಂದಿಗಳನ್ನು ಟೇಪಿನಿಂದ ಬಿಗಿಯಬೇಕು. ಹುಳುಗಳು ಬೆಳಕಿನತ್ತ ಹಾರುತ್ತವೆ. ಆದ್ದರಿಂದ ಟಾರ್ಚನ್ನು ಕೈಯಲ್ಲಿ ಹಿಡಿಯದೆ, ಕೆಂಪು ಹಾಳೆ ಸುತ್ತಿ ದೂರದಲ್ಲಿ ಇಡಬೇಕು. ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕವನ್ನು ಲೇಬಲ್ಲಿನ ಸೂಚನೆಯಂತೆ ಬಾಯಿಯೊಳಕ್ಕೆ ಬಿಟ್ಟು, ಬಾಯಿಯನ್ನು ಮುಚ್ಚದೆ ಹಿಂದೆ ಸರಿಯಬೇಕು. ಈ ಔಷಧಿ ಮೀನು ಮತ್ತಿತರ ಜಲಚರಗಳಿಗೆ ಬಹಳ ವಿಷ. ತೋಟದ ಬಸಿಗಾಲುವೆಗೆ ಸೇರದಂತೆ ಮುತುವರ್ಜಿ ವಹಿಸಿ. ಮರುದಿನವೇ ಅಗೆಯಲು ಹೋಗಬೇಡಿ. ಎರಡು ಮೂರು ದಿನ ಹಗಲಿನಲ್ಲಿ ದೂರದಿಂದ ನೋಡಿ, ಓಡಾಟ ಪೂರ್ತಿ ನಿಂತಿದ್ದು ಖಾತ್ರಿಯಾದ ಮೇಲೆ ಅವರಿಂದಲೇ ಹಲ್ಲೆಗಳನ್ನು ತೆಗೆಸಿ ಬಿಲವನ್ನು ಮುಚ್ಚಿಸಿ, ಏಕೆಂದರೆ ಮುಚ್ಚಿದ ಕೋಶಗಳಲ್ಲಿ ಉಳಿದ ಮರಿಗಳು ಆಮೇಲೂ ಬಲಿತು ಹೊರಬರಬಹುದು.

ಪ್ರಶ್ನೆ: ಕಣಜ ಕಚ್ಚಿದ ಜಾಗಕ್ಕೆ ನಮ್ಮ ಮನೆಯಲ್ಲಿ ಸುಣ್ಣ ಹಚ್ಚುತ್ತಾರೆ. ಅದು ಸಾಕೇ? ಆಸ್ಪತ್ರೆಗೆ ಯಾವಾಗ ಹೋಗಬೇಕು?

ಉತ್ತರ: ಸುಣ್ಣದಿಂದ ವಿಷ ಇಳಿಯುವುದಿಲ್ಲ, ಚರ್ಮ ಸುಡುತ್ತದೆ ಅಷ್ಟೆ. ಮೊದಲು ಗೂಡಿನಿಂದ ದೂರ ಓಡಬೇಕು. ಅಲ್ಲೇ ನಿಂತು ಹುಳುವನ್ನು ಹೊಡೆದು ಸಾಯಿಸಿದರೆ ಅದರಿಂದ ಹೊರಡುವ ವಾಸನೆಗೆ ಉಳಿದವೂ ಏರಿಬರುತ್ತವೆ. ಜೇನುನೊಣದಂತೆ ಕಣಜ ಸಾಮಾನ್ಯವಾಗಿ ಕೊಂಡಿಯನ್ನು ಬಿಟ್ಟುಹೋಗುವುದಿಲ್ಲ, ಒಂದೇ ಹುಳು ಮತ್ತೆ ಮತ್ತೆ ಚುಚ್ಚಬಲ್ಲದು. ಒಂದೆರಡು ಕಡಿತವಾಗಿದ್ದರೆ ಸೋಪಿನಿಂದ ತೊಳೆದು ತಣ್ಣೀರಿನ ಬಟ್ಟೆ ಇಡಿ. ಕೈಗೆ ಕಚ್ಚಿದ್ದರೆ ಊತ ಬರುವ ಮೊದಲೇ ಉಂಗುರ, ಬಳೆ ತೆಗೆಯಿರಿ.

ಮೈಯೆಲ್ಲ ದದ್ದು ಏಳುವುದು, ತುಟಿ ಅಥವಾ ನಾಲಿಗೆ ಊದುವುದು, ಉಸಿರು ಕಟ್ಟುವುದು, ಕಣ್ಣು ಕತ್ತಲಿಡುವುದು ಕಂಡರೆ ಒಂದೇ ಕಡಿತವಾದರೂ ಕ್ಷಣ ತಡಮಾಡದೆ 108ಕ್ಕೆ ಕರೆಮಾಡಿ. ಜೀವ ಉಳಿಸುವುದು ತೊಡೆಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ಅಲರ್ಜಿಯ ಮಾತ್ರೆ ಅದರ ಬದಲಿಯಲ್ಲ. ರೋಗಿಯನ್ನು ಮಲಗಿಸಿ ಕಾಲುಗಳನ್ನು ಎತ್ತರದಲ್ಲಿಡಿ, ಉಸಿರಾಟ ಕಷ್ಟವಾದರೆ ಒರಗಿಸಿ ಕೂರಿಸಿ, ಎದ್ದು ನಡೆಯಲು ಬಿಡಬೇಡಿ. ಬಹಳ ಹುಳುಗಳು ಒಟ್ಟಿಗೆ ಕಚ್ಚಿದ್ದರೆ ಅಲರ್ಜಿ ಇಲ್ಲದವರೂ ಆಸ್ಪತ್ರೆಗೆ ಹೋಗಲೇಬೇಕು. ವಿಷದಿಂದ ಸ್ನಾಯು ಮತ್ತು ರಕ್ತಕಣಗಳು ಒಡೆದು ಮೂತ್ರಪಿಂಡಕ್ಕೆ ಪೆಟ್ಟು ಬೀಳುವುದು ಒಂದೆರಡು ದಿನಗಳ ನಂತರ ಗೊತ್ತಾಗಬಹುದು. ಮೂತ್ರ ಕಡಿಮೆಯಾದರೆ ಅಥವಾ ಕಂದು ಬಣ್ಣಕ್ಕೆ ತಿರುಗಿದರೆ ವೈದ್ಯರಿಗೆ ಕೂಡಲೇ ತಿಳಿಸಿ. ಮಕ್ಕಳಿಗೆ ಕಡಿಮೆ ಕಡಿತಗಳೇ ಈ ಮಟ್ಟ ಮುಟ್ಟಬಲ್ಲವು.

ಪ್ರಶ್ನೆ: ಅಮೆರಿಕದ ಪೆನ್ಸಿಲ್ವೇನಿಯಾದ ಹಳ್ಳಿಗಾಡಿನಲ್ಲಿ ಮಗಳ ಮನೆಗೆ ಬಂದಿದ್ದೇವೆ. ಹುಲ್ಲುಹಾಸಿನ ಅಂಚಿನ ಬಿಲದಲ್ಲಿ ಯೆಲ್ಲೋ ಜಾಕೆಟ್ ಕಣಜಗಳಿವೆ. ಮುಂದಿನ ವರ್ಷವೂ ಅವು ಅಲ್ಲೇ ಇರುತ್ತವೆಯೇ?

ಉತ್ತರ: ಆ ಗೂಡಿನಲ್ಲಿ ಇರುವುದಿಲ್ಲ. ಇಲಿಯಂಥ ಪ್ರಾಣಿಗಳು ಬಿಟ್ಟುಹೋದ ಬಿಲಗಳಲ್ಲಿ ವಸಂತದಲ್ಲಿ ಒಂಟಿ ರಾಣಿ ಆರಂಭಿಸುವ ಸಂಸಾರ ಬೇಸಿಗೆಯ ಕೊನೆಗೆ ಸಾವಿರಾರು ಹುಳುಗಳಾಗಿ ಬೆಳೆದಿರುತ್ತದೆ, ಗಟ್ಟಿ ಹಿಮ ಬಿದ್ದ ಮೇಲೆ ಪೂರ್ತಿ ಸಾಯುತ್ತದೆ. ಹೊಸ ರಾಣಿಗಳು ಮಾತ್ರ ಬೇರೆಡೆ ಅವಿತು ಚಳಿಗಾಲ ಕಳೆಯುತ್ತವೆ, ಹಳೆಯ ಗೂಡಿಗೆ ಮರಳುವುದಿಲ್ಲ. ಬಿಲ ಓಡಾಟದ ಜಾಗದಲ್ಲಿ ಇಲ್ಲದಿದ್ದರೆ ಹಿಮ ಬೀಳುವವರೆಗೆ ಕಾಯುವುದೇ ಒಳ್ಳೆಯದು. ಹುಲ್ಲು ಕತ್ತರಿಸುವ ಯಂತ್ರವನ್ನು ಅಷ್ಟು ದಿನ ಅತ್ತ ಒಯ್ಯಬೇಡಿ. ಶರತ್ಕಾಲದಲ್ಲಿ ಅವು ಸಿಹಿಯನ್ನು ಹುಡುಕಿಕೊಂಡು ಬರುವುದರಿಂದ ಉದುರಿದ ಹಣ್ಣುಗಳನ್ನು ಹೆಕ್ಕಿ, ಕಸದ ಡಬ್ಬಿಯನ್ನು ಮುಚ್ಚಿಡಿ. ತೆರೆದಿಟ್ಟ ಜ್ಯೂಸ್ ಕ್ಯಾನಿನೊಳಗೆ ಹುಳು ಇಳಿದಿರಬಹುದಾದ್ದರಿಂದ ಮಕ್ಕಳಿಗೆ ಹೊರಗಡೆ ಲೋಟದಲ್ಲೇ ಸುರಿದು ಕೊಡಿ. ಬಾಯಿ ಅಥವಾ ಗಂಟಲೊಳಗಿನ ಒಂದು ಕಡಿತವೂ ಉಸಿರಾಟಕ್ಕೆ ತೊಡಕಾಗಬಹುದು. ಮನೆಯಲ್ಲಿ ಯಾರಿಗಾದರೂ ಹಿಂದೆ ತೀವ್ರ ಅಲರ್ಜಿಯಾಗಿದ್ದರೆ ವೈದ್ಯರಿಂದ ಅಡ್ರಿನಲಿನ್ ಆಟೋ-ಇಂಜೆಕ್ಟರ್ (ತಾವೇ ಚುಚ್ಚಿಕೊಳ್ಳಬಹುದಾದ ಸಿದ್ಧ ಚುಚ್ಚುಮದ್ದು) ಬರೆಸಿಕೊಂಡು, ಅಂಗಳಕ್ಕೆ ಹೋಗುವಾಗಲೂ ಅದು ಜೊತೆಯಲ್ಲಿರುವಂತೆ ನೋಡಿಕೊಳ್ಳಿ.